ಸೊನೆಯಲ್ಲ, ಸುಣ್ಣವೂ ಅಲ್ಲ

ಬೆಲೆ ಮೊದಲು ಹೇಳಿಬಿಡುತ್ತೇನೆ, ಮಾತು ಆಮೇಲೆ. ವ್ಯಾಪಾರದಲ್ಲಿ ನನ್ನ ರೀತಿ ಅದೇ. ಆ ಬೇಸಿಗೆ ನಮಗೆ ಬಿದ್ದ ಬೆಲೆ ಇಷ್ಟು: ಒಂದು ಜೀಪು, ಒಂದು ಹಂಗಾಮಿನ ಮಾವಿನ ಮಿಡಿಯಲ್ಲಿ ಅರ್ಧ, ನನ್ನ ಹೆಂಡತಿ ಗಿರಿಜಾಳ ನಾಲಿಗೆಯ ಬಲಗಡೆಯ ಒಂದು ಹೋಳು. ಜೀಪು, ಮಿಡಿ ಎರಡನ್ನೂ ಆಮೇಲೆ ಮತ್ತೆ ಸಂಪಾದಿಸಿಕೊಂಡೆವು. ಇಷ್ಟು ಬೆಲೆ ಯಾಕೆ ಬಿತ್ತು ಅಂದರೆ, ಅವಳ ಬಾಯಲ್ಲಿ ಎದ್ದದ್ದು ಸೊನೆ ಸುಟ್ಟ ಗಾಯವೋ ಸುಣ್ಣ ಸುಟ್ಟ ಗಾಯವೋ ಎಂದು ನಾವೆಲ್ಲ ಚರ್ಚೆ ಮಾಡುತ್ತ ಕೂತೆವು. ಮೂರನೆಯದೊಂದು ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಮೊನ್ನೆ ಯಲ್ಲಾಪುರದಿಂದ ಮಾಗೋಡಿನ ಕಡೆ ಬಸ್ಸಿನಲ್ಲಿ ಹೊರಟಿದ್ದೆ. ಯಾರೋ ಕೈಚೀಲದ ತುಂಬ ಅಪ್ಪೆಮಿಡಿ ಹಿಡಿದು ಹತ್ತಿದರು. ಒಂದೆರಡರ ತೊಟ್ಟು ಮುರಿದಿತ್ತು ಅಂತ ಕಾಣುತ್ತದೆ. ಮಿಡಿಯ ತೊಟ್ಟು ಮುರಿದರೆ ಚಿಮ್ಮುವ ರಸಕ್ಕೆ ನಾವು ಸೊನೆ ಅನ್ನುತ್ತೇವೆ. ಒಳ್ಳೆಯ ಜಾತಿಯ ಸೊನೆಗೆ ಜೀರಿಗೆ ಅರೆದು ಚೂರು ಕರ್ಪೂರ ಬೆರೆಸಿದಂಥ ವಾಸನೆ. ಅದು ಇಡೀ ಬಸ್ಸಿಗೆ ಹಬ್ಬಿತು. ಉಳಿದವರ ಬಾಯಲ್ಲಿ ನೀರು ಬಂದಿರಬೇಕು. ನನಗೆ ಎರಡು ಸಾವಿರದ ಎಂಟರ ಆ ಬೇಸಿಗೆ ಬಂದು ಪಕ್ಕದ ಸೀಟಿನಲ್ಲಿ ಕೂತ ಹಾಗಾಯಿತು.

ನಾನು ದಾಸನಕೊಪ್ಪದವನು. ಅಣ್ಣತಮ್ಮಂದಿರು ಹಂಚಿಕೊಂಡರೆ ಕಾಲೂರಲು ಜಾಗ ಸಾಲದಷ್ಟು ಗದ್ದೆ ನಮ್ಮದು. ಹಾಗಾಗಿ ಗೋಣಿಚೀಲ ಹಿಡಿದು ಊರೂರು ತಿರುಗಿ ಮಿಡಿ ಕೊಂಡು, ಶಿರಸಿ ಪೇಟೆಯ ರಸ್ತೆ ಬದಿಯಲ್ಲಿ ಕೂತು ಮಾರಿ ಮೇಲೆ ಬಂದವನು. ಆ ಹೊತ್ತಿಗೆ ಇಸಳೂರಿನಲ್ಲಿ ಒಂದು ಶೆಡ್ಡು, ಅದರೊಳಗೆ ಮಿಡಿ ಹಾಕಿಡುವ ಉಪ್ಪುನೀರಿನ ಡ್ರಮ್ಮುಗಳು, ಹೊರಗೆ ಸೆಕೆಂಡ್ ಹ್ಯಾಂಡ್ ಜೀಪು, ಇಷ್ಟಾಗಿತ್ತು. ಚೌಕಾಸಿ ನನ್ನದು, ನಾಲಿಗೆ ಗಿರಿಜಾಳದು. ಮರದ ಬುಡದಲ್ಲಿ ನಿಂತು ಅವಳು ಒಂದು ಮಿಡಿಯ ತೊಟ್ಟು ಮುರಿದು ಮೂಸಿ, ತುದಿ ಕಚ್ಚಿ, ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಮುಖ ಸಪ್ಪೆ ಮಾಡಿ "ಅಷ್ಟಕ್ಕಷ್ಟ ಐತ್ರಿ" ಅಂದಳೆಂದರೆ ಆ ಮರವನ್ನು ಬಿಡಬಾರದು ಅಂತ ಅರ್ಥ. "ಭಾಳ ಚಲೋ ಐತಿ" ಅಂದರೆ ಜೀಪು ಹತ್ತಬೇಕು. ಈ ಗುಟ್ಟು ಎಷ್ಟೋ ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾದವಳು ಒಬ್ಬಳೇ, ಸಿದ್ದಾಪುರದ ಕಡೆಯ ಸಾವಿತ್ರಕ್ಕ. ಎಪ್ಪತ್ತು ದಾಟಿದ ಮುದುಕಿ, ತೋಟದ ಮನೆಯವಳು. ಅವರ ಹೊಳೆಯಂಚಿನ ಎರಡು ಮರ ನನಗೆ ಪ್ರತಿ ವರ್ಷ ಬೇಕೇ ಬೇಕು. "ನಿನ್ನ ಹೆಂಡ್ತಿ ಮೋರೆ ಸಪ್ಪೆ ಮಾಡಿದ್ರೆ ಯಂಗೆ ಖುಷಿ ಆಗ್ತು ನಾಯ್ಕ, ಬೆಲೆ ಏರ್ಸಲಕ್ಕು" ಅಂತ ನಗುವವಳು.

ಆ ಕಡೆಯ ಮನೆಗಳಲ್ಲಿ ಒಂದು ಪದ್ಧತಿ. ಬೆಲೆ ಕುದುರಿತು ಅಂದರೆ ಕವಳದ ಹರಿವಾಣ ಬರುತ್ತದೆ. ಎಲೆ, ಅಡಿಕೆ, ಸುಣ್ಣ, ಬೇಕಾದವರಿಗೆ ತಂಬಾಕು. ಕವಳ ಹಾಕಿದರೆ ಮಾತು ಮುಗಿಯಿತು, ಮತ್ತೆ ಹಿಂದೆ ಸರಿಯುವ ಹಾಗಿಲ್ಲ. ಬೇಡ ಅಂದರೆ ಬೆಲೆ ಒಪ್ಪಿಗೆಯಿಲ್ಲ ಅಂತಲೇ ಲೆಕ್ಕ. ಮುಂದಿನ ಜಗಲಿಯಲ್ಲಿ ಗಂಡಸರ ಜೊತೆ ನಾನು, ಹಿತ್ತಲ ಕಟ್ಟೆಯಲ್ಲಿ ಹೆಂಗಸರ ಜೊತೆ ಗಿರಿಜಾ. ಯಾವ ಮರ ಯಾರಿಗೆ ಮಾತಾಗಿದೆ, ಯಾವುದರ ಮಿಡಿ ಹೋದ ವರ್ಷ ಡ್ರಮ್ಮಿನಲ್ಲಿ ಮೆತ್ತಗಾಯಿತು ಎಂಬ ನಿಜವೆಲ್ಲ ಸಿಗುವುದು ಹಿತ್ತಲಲ್ಲೇ, ಅದೂ ಕವಳ ಬಾಯಿಗೆ ಹೋದ ಮೇಲೆ. ಹಂಗಾಮಿನಲ್ಲಿ ಮನೆ ಮನೆಗೂ ಒಂದೊಂದು ಕವಳ, ಮನೆಗೆ ಬಂದ ಮೇಲೆ ಅಭ್ಯಾಸಕ್ಕೆ ಇನ್ನೊಂದು. ಬಲಗಡೆಯ ದವಡೆಯಲ್ಲಿ ಇಟ್ಟುಕೊಂಡಳೆಂದರೆ ಜೀಪು ಶಿರಸಿ ಮುಟ್ಟುವ ತನಕ ಅಲ್ಲೇ ಇರುತ್ತಿತ್ತು. ತಂಬಾಕು ಮಾತ್ರ ಮುಟ್ಟುತ್ತಿರಲಿಲ್ಲ. ಹಾಗಾಗಿ ನಮಗೆ ಹೆದರಿಕೆಯೂ ಇರಲಿಲ್ಲ.

ಆ ವರ್ಷ ಶಿವರಾತ್ರಿ ಆಸುಪಾಸಿನಲ್ಲಿ ಬೇಡ್ತಿ ಹೊಳೆಯ ದಂಡೆಯ ಮರ ಕೊಯ್ಯಿಸುತ್ತಿದ್ದೆವು. ಬುಟ್ಟಿ ಇಳಿಸುವಾಗ ಒಂದು ಗೊಂಚಲು ಜಾರಿ ಗಿರಿಜಾಳ ಮುಂಗೈ ಮೇಲೆ ಸೊನೆ ಚಿಮ್ಮಿತು. ಸಂಜೆಗೆ ಅಲ್ಲಿ ಕಪ್ಪಗೆ ಸುಟ್ಟ ಕಲೆ. ಅದೇ ಸಂಜೆ ಊಟಕ್ಕೆ ಕೂತಾಗ ಅವಳು "ಸ್ಸ್" ಅಂದಳು. ನಾಲಿಗೆಯ ಬಲ ಅಂಚಿನಲ್ಲಿ, ಹಿಂದೆ, ಅವರೆಕಾಳಿನಷ್ಟು ಒಂದು ಬಿಳಿ ಕಲೆ.

"ಮಿಡಿ ಕಚ್ಚುವಾಗ ಬಾಯಿಗೂ ಸೊನಿ ಹಾರೇತಿ ಬಿಡ್ರಿ" ಅಂದಳು. "ಹೊಸಾದೇನು ಇದು? ಕೊಬ್ಬರಿ ಎಣ್ಣಿ ಮುಟ್ಟಿಸಿದ್ರ ಹೋಗ್ತೈತಿ."

ಕೈಗೂ ನಾಲಿಗೆಗೂ ಕೊಬ್ಬರಿ ಎಣ್ಣೆಯಾಯಿತು. ಮುಂದಿನ ವಾರ ಸಾವಿತ್ರಕ್ಕನ ಮನೆಗೆ ಹೋದಾಗ ಹಿತ್ತಲಿನಿಂದ ಮಾತು ಕೇಳುತ್ತಿತ್ತು.

"ನೋಡನ, ಬಾಯಿ ತೆಗಿ. ಅಯ್ಯ, ಇದು ಸೊನೆ ಅಲ್ದೇ ತಂಗಿ. ಸುಣ್ಣ ಸುಟ್ಟಿದ್ದು. ನಿಂಗೆ ಸುಣ್ಣ ಹಚ್ಚಲೆ ಬರ್ತಿಲ್ಲೆ ಹೇಳಿ ಆನು ಯಾವತ್ತೋ ಹೇಳಿದ್ದಿ."

"ಸೊನೀನ ರೀ ಅದು. ಕೈ ಮ್ಯಾಲೂ ಹಾರೇತಿ ನೋಡ್ರಿ."

"ಕೈಗೆ ಸೊನೆ, ಬಾಯಿಗೆ ಸುಣ್ಣ. ಎರಡಕ್ಕೂ ಬೆಣ್ಣೆ ಹಚ್ಚು, ಗುಣ ಆಗ್ತು."

ಬಾಳೆಲೆಯಲ್ಲಿ ಬೆಣ್ಣೆ ಕಟ್ಟಿ ಕೊಟ್ಟಳು ಪಾಪ. ಪ್ರೀತಿಯ ಬೆಣ್ಣೆ. ಗಿರಿಜಾ ಅದನ್ನೂ ಹಚ್ಚಿಕೊಂಡಳು. ಕವಳವನ್ನು ಎಡದವಡೆಗೆ ದಾಟಿಸಿದಳು. ಸುಣ್ಣ ಕಮ್ಮಿ ಮಾಡಿದಳು. ಜೀಪಿನಲ್ಲಿ ನಾವಿಬ್ಬರೂ ಸೊನೆಯೋ ಸುಣ್ಣವೋ ಅಂತ ವಾದ ಮಾಡುತ್ತ ನಗುತ್ತಿದ್ದೆವು. ನಾನು ಸುಣ್ಣದ ಪಕ್ಷ.

ನನ್ನ ಕಣ್ಣು ತೆರೆಸಿದ್ದು ಅವಳ ಮುಂಗೈ. ಒಂದೇ ದಿನ ಕೊಯ್ದ ಎರಡು ಬುಟ್ಟಿ ಮಿಡಿಯಲ್ಲಿ ಒಂದು ಬಾಡಿ ಇನ್ನೊಂದು ಬಾಡದೆ ಇದ್ದರೆ ವ್ಯಾಪಾರದವನು ಸುಮ್ಮನಿರುವುದಿಲ್ಲ, ಯಾಕೆ ಅಂತ ಕೇಳುತ್ತಾನೆ. ಕೈ ಸುಟ್ಟು ಮೂರು ವಾರವಾಗಿತ್ತು. ಇಸಳೂರಿನ ಶೆಡ್ಡಿನಲ್ಲಿ ಅವಳು ಡ್ರಮ್ಮಿನ ಉಪ್ಪುನೀರು ನೋಡುತ್ತಿದ್ದಳು. ಬೆರಳು ಅದ್ದಿ, ತಲೆ ಓರೆ ಮಾಡಿ, ಎಡಗಡೆಯ ನಾಲಿಗೆಗೆ ಮಾತ್ರ ಮುಟ್ಟಿಸಿಕೊಂಡಳು. ಆ ಬೆರಳಿನ ಹಿಂದೆ ಮುಂಗೈ ಕಾಣುತ್ತಿತ್ತು. ಸುಟ್ಟ ಕಲೆ ಸಿಪ್ಪೆ ಎದ್ದು ಹೋಗಿ ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು.

"ಬಾಯಿ ತೆಗಿ" ಅಂದೆ.

"ಯಾಕ್ರೀ?"

"ತೆಗಿ ಅಂದ್ರ ತೆಗಿ."

ಬಾಗಿಲ ಬಿಸಿಲಿಗೆ ನಿಲ್ಲಿಸಿ ನೋಡಿದೆ. ಕಲೆ ಹೋಗಿರಲಿಲ್ಲ. ಬಿಳಿಯ ನಡುವೆ ಕೆಂಪು ಸೇರಿತ್ತು, ಅಂಚು ದಪ್ಪಗಾಗಿತ್ತು. ಕೈಯದು ಮಾಯ್ದು ಹೋಗಿ ಬಾಯದು ಉಳಿದಿದೆ ಅಂದರೆ ಎರಡೂ ಒಂದೇ ಮಾಲಲ್ಲ. ಅವಳು ನನ್ನ ಮುಖ ನೋಡಿ, "ಏನೈತ್ರಿ?" ಅಂದಳು. ನಾನು "ಅಷ್ಟಕ್ಕಷ್ಟ" ಅಂದೆ. ನಮ್ಮಿಬ್ಬರ ನಡುವೆ ಆ ಮಾತಿಗೆ ಏನರ್ಥ ಅಂತ ಬಾಯಿಂದ ಬಿದ್ದ ಮೇಲೆ ನೆನಪಾಯಿತು. ಅವಳು ನಗಲಿಲ್ಲ, ನಾನೂ ನಗಲಿಲ್ಲ.

ಶಿರಸಿಯ ಹಲ್ಲಿನ ಡಾಕ್ಟರು ಕೈಗವಸು ಹಾಕಿಕೊಂಡು ಆ ಜಾಗ ಮುಟ್ಟಿದರು, ಆಮೇಲೆ ಕುತ್ತಿಗೆಯ ಬಲಗಡೆ ಒತ್ತಿ ಒತ್ತಿ ನೋಡಿದರು. "ಚೂಪಾದ ಹಲ್ಲಿದ್ರೆ ಒಂದು ಉಜ್ಜಿ ಕೊಡಿ ಸರ್" ಅಂದೆ. ಅವರು ಹಲ್ಲಿನ ಮಾತೇ ಎತ್ತದೆ, "ನಾಳೆಗೇ ಹುಬ್ಬಳ್ಳಿಗೆ ಹೋಗಿ" ಅಂದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಂತ ಬಂತು. ಶುರುವಿನದು, ಆದರೆ ಅದೇ.

ಆಪರೇಷನ್ ಮಾಡುವ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು, ಕಲೆಯ ಸುತ್ತ ಒಂದು ಸೆಂಟಿಮೀಟರಿನಷ್ಟು ಚೆನ್ನಾಗಿರುವ ನಾಲಿಗೆಯನ್ನೂ ಸೇರಿಸಿ ತೆಗೆಯಬೇಕು, ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕು. ಹುಟ್ಟುಗುಣ ಎಲ್ಲಿ ಹೋಗುತ್ತದೆ, ಚೌಕಾಸಿಗಿಳಿದೆ.

"ಡಾಕ್ಟರ, ಕಾಣೂದು ಅವರಿಕಾಳಿನಷ್ಟ ಐತಿ. ಅಷ್ಟಕ್ಕ ಮುಗಿಸ್ರಿ. ಚಲೋ ಇದ್ದದ್ದು ಯಾಕ ಕತ್ತರಿಸ್ತೀರಿ? ನಮ್ಮ ಮನಿ ನಡಿಯೂದ ಆ ನಾಲಿಗಿ ಮ್ಯಾಲೆ."

"ಎಷ್ಟು ಬಿಡಬೇಕಂತೀರಿ ಯಜಮಾನ್ರ?"

"ಅರ್ಧ. ಅರ್ಧ ಸೆಂಟಿಮೀಟರ್ ಬಿಡ್ರಿ."

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಧಾರವಾಡದ ಕಡೆಯವರು, ಹೊರಗೆ ರೋಗಿಗಳ ಸಾಲು ಇದ್ದರೂ ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡ್ರಿ, ನಾಲಿಗಿ ಮ್ಯಾಲಿನ ತೊಗಲು ಒಂದ ಪದರ ಅಲ್ಲ. ತಳದಾಗ ಒಂದು ಸಾಲು ಕಣ ಇರ್ತಾವ, ಸ್ಟೆಮ್ ಸೆಲ್ ಅಂತೀವಿ. ಬೀಜ ಇದ್ದಂಗ ಅನ್ಕೋರಿ. ಮ್ಯಾಲಿನವು ದಿನಾ ಸವದು ಉದುರ್ತಾವ, ತಳದಾಗಿನವು ಹೊಸಾವನ್ನ ಹುಟ್ಟಿಸಿ ಮ್ಯಾಲಕ್ಕ ಕಳಸ್ತಾವ. ಅದಕ್ಕ ಬಾಯಾಗಿನ ಗಾಯ ಲಗೂನ ಮಾಯೂದು."

ಮೇಲಿನವಕ್ಕೆ ಏನೇ ಪೆಟ್ಟು ಬಿದ್ದರೂ ಅವು ಉದುರಿ ಹೋಗುವಂಥವು, ಪೆಟ್ಟೂ ಅವುಗಳ ಜೊತೆಗೇ ಹೋಗುತ್ತದಂತೆ. ತಳದವು ಹಾಗಲ್ಲ. ವರ್ಷಗಟ್ಟಲೆ ಅಲ್ಲೇ ಇರುತ್ತವೆ, ಬಿದ್ದ ಪೆಟ್ಟನ್ನೆಲ್ಲ ಕೂಡಿಟ್ಟುಕೊಳ್ಳುತ್ತವೆ. ಕವಳ ದಿನವೂ ಉಜ್ಜಿ ಸುಟ್ಟು ಮಾಡಿದರೆ ಅವುಗಳಿಗೆ ರಿಪೇರಿ ಕೆಲಸ ಜಾಸ್ತಿ, ಕೆಲಸ ಜಾಸ್ತಿಯಾದಷ್ಟೂ ತಪ್ಪು ಜಾಸ್ತಿ. ಒಂದು ದಿನ ಯಾವುದೋ ಒಂದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೇ ಮರೆತುಬಿಡುತ್ತದೆ. ಅದರ ಸಂತಾನಕ್ಕೂ ಅದೇ ಮರೆವು. ಕಣ್ಣಿಗೆ ಕಾಣುವುದು ಕಲೆ ಮಾತ್ರ. ಅದರ ಆಚೆ ನುಣ್ಣಗೆ ಕೆಂಪಗೆ ಕಾಣುವ ಜಾಗದ ತಳದಲ್ಲೂ ಕೆಟ್ಟ ಬೀಜ ಸೇರಿರಬಹುದು. ಒಂದನ್ನು ಬಿಟ್ಟರೂ ಮತ್ತೆ ಮೊಳೆಯುವ ಶಕ್ತಿ ಅದಕ್ಕಿದೆ.

"ತಂಬಾಕು ಹಾಕೂದಿಲ್ರಿ ಆಕಿ" ಅಂದೆ.

"ಅಡಿಕೀನ ಸಾಕ್ರಿ."

ನಮ್ಮ ಸೀಮೆಯಲ್ಲಿ ಹುಟ್ಟಿದವನು ಈ ಮಾತು ಕೇಳುವುದು ಹೇಗಿರುತ್ತದೆ ಅಂತ ಓದುವವರಿಗೆ ಗೊತ್ತಾಗಬೇಕು. ಮದುವೆಗೂ ಅಡಿಕೆ, ಪೂಜೆಗೂ ಅಡಿಕೆ, ನನ್ನ ಗಿರಾಕಿಗಳ ಮಕ್ಕಳ ಓದಿಗೂ ಅಡಿಕೆ. ನಾನು ಹಟ ಹಿಡಿದೆ. "ಸಿದ್ದಾಪುರದ ಮುದುಕಿ ಒಬ್ಬಾಕಿ ಅದಾಳ, ಹುಟ್ಟಿದಾಗಿಂದ ಕವಳ ಹಾಕ್ತಾಳ. ಆಕಿಗೇನೂ ಆಗಿಲ್ಲಲ್ಲ?"

"ಮೈಯೊಳಗ ಗಸ್ತು ತಿರಗೂ ಕಣ ಇರ್ತಾವ್ರಿ. ಹಿಂಗ ಕೆಟ್ಟು ಹೋದದ್ದನ್ನ ಗುರ್ತ ಹಿಡದು ಅಲ್ಲೇ ಮುಗಸ್ತಾವ. ನಿಮ್ಮ ಬಾಯಾಗ, ನನ್ನ ಬಾಯಾಗ ಎಷ್ಟು ಸಲ ಮುಗಿಸ್ಯಾವೋ ನಮಗ ಗೊತ್ತೂ ಆಗಿರೂದಿಲ್ಲ. ಒಬ್ಬೊಬ್ಬರ ಕಾವಲು ಒಂದೊಂದು ನಮೂನಿ. ಆ ಅಜ್ಜಿದು ಇಷ್ಟು ದಿನ ತಡದೈತಿ. ನಾಳೆ ತಡೀತೈತಿ ಅಂತ ನಾ ಬರದು ಕೊಡೂದಿಲ್ಲ."

ದಿನವೂ ಒಂದೇ ಜಾಗದಲ್ಲಿ ಉರಿ ಹಚ್ಚಿದರೆ ಆ ಕಾವಲು ದಣಿಯುತ್ತದಂತೆ. ಕೆಟ್ಟ ಕಣಗಳೂ ನಾವು ನಿಮ್ಮವರೇ ಅಂತ ತೋರಿಸಿಕೊಳ್ಳುವುದನ್ನು ಕಲಿಯುತ್ತವೆ. ಕಡೆಕಡೆಗೆ ಕಾವಲಿನ ಕೆಲವರು ಆ ಕಡೆಗೇ ಸೇರಿ ಅದಕ್ಕೆ ರಕ್ತ ಸಾಗಿಸಲು ನೆರವಾಗುವುದೂ ಉಂಟು. ಇದು ನನಗೆ ಥಟ್ಟನೆ ಅರ್ಥವಾಯಿತು. ಘಟ್ಟದ ನಾಕಾದಲ್ಲಿ ದಿನಾ ಅದೇ ಲಾರಿ ನೋಡಿ ನೋಡಿ ಗಾರ್ಡು ತಾಡಪಾಲು ಎತ್ತುವುದನ್ನು ಬಿಡುತ್ತಾನೆ. ಆಮೇಲೆ ಡ್ರೈವರನ ಜೊತೆ ಚಾ ಕುಡಿಯುತ್ತಾನೆ. ಆಮೇಲೆ ಗೇಟೂ ಅವನೇ ಎತ್ತುತ್ತಾನೆ. ಅರ್ಥವಾದರೆ ಸಾಕೇ, ಒಪ್ಪಿಗೆಯೂ ಆಗಬೇಕಲ್ಲ. "ಹಂಗಾದ್ರ ಮುಕ್ಕಾಲು ಸೆಂಟಿಮೀಟರ್" ಅಂದೆ.

ಪಕ್ಕದಲ್ಲಿ ಕೂತಿದ್ದ ಗಿರಿಜಾ ನನ್ನ ಮೊಣಕೈ ಹಿಡಿದಳು.

"ರೀ, ಡ್ರಮ್ಮಿನಾಗ ಒಂದು ಬಿದ್ದ ಮಿಡಿ ಹೊಕ್ಕಿದ್ರ ಏನ್ ಮಾಡ್ತೀರಿ?"

"ತಗೀತೀನಿ."

"ಅದೊಂದನ್ನ?"

ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದು ಸೇರಿದ್ದರೆ, ಅದರ ಅಕ್ಕಪಕ್ಕದಲ್ಲಿ ಗಟ್ಟಿಯಾಗಿ ಹಸಿರಾಗಿ ಕಾಣುವವನ್ನೂ ಬೊಗಸೆಯಲ್ಲಿ ಬಳಿದು ಹೊರಗೆ ಹಾಕಬೇಕು. ಕೈ ಹಿಂಜರಿದರೆ ಮಳೆಗಾಲದೊಳಗೆ ಇಡೀ ಡ್ರಮ್ಮು ಮೆತ್ತಗೆ. ನನಗೆ ಕೈ ಬರುತ್ತಿರಲಿಲ್ಲ, ಆ ಕೆಲಸ ಯಾವಾಗಲೂ ಅವಳದೇ.

"ಎಷ್ಟು ಬೇಕೋ ಅಷ್ಟು ತಗೀರಿ ಡಾಕ್ಟರ" ಅಂದಳು. "ಇವರ ಮಾತು ಕೇಳಬ್ಯಾಡ್ರಿ. ಇವ್ರು ಯಮನ ಹತ್ರಾನೂ ಡಜನ್ ಲೆಕ್ಕಕ್ಕ ಕೇಳೂ ಪೈಕಿ."

ಡಾಕ್ಟರಮ್ಮ ನಕ್ಕರು. ಗಿರಿಜಾಳೂ ನಕ್ಕಳು. ನನಗೆ ಮಾತ್ರ ಕಣ್ಣು ಮಂಜಾಗಿ ಎದುರಿನ ಗೋಡೆ ಕಾಣಲಿಲ್ಲ.

ಜೀಪು ಮಾರಿದೆ. ಮೊದಲು ಬಂದವನು ಹೇಳಿದ ಬೆಲೆಗೇ ಕೊಟ್ಟೆ. ಅವನು ಇದರಲ್ಲೇನೋ ಮೋಸವಿದೆ ಅಂದುಕೊಂಡು ಎಂಜಿನ್ನಿನ ಕೆಳಗೆ ಮಲಗಿ ಮಲಗಿ ನೋಡಿದ. ಯಲ್ಲಾಪುರದ ಕಡೆ ಮಾತಾಗಿದ್ದ ಮರಗಳನ್ನು ಕೊಯ್ಯಿಸಲಿಲ್ಲ. ಮಿಡಿ ಬಲಿತು ಗೊರಟೆ ಗಟ್ಟಿಯಾಯಿತು. ಮಾವು ನಮಗಾಗಿ ಕಾಯುವುದಿಲ್ಲ.

ಆಪರೇಷನ್ ಆಗಿ ಮೂಗಿನಲ್ಲಿ ನಳಿಗೆ, ಕುತ್ತಿಗೆಗೆ ಪಟ್ಟಿ. ಮಾತಾಡಬಾರದು ಅಂದಿದ್ದರು. ಅವಳು ಕಣ್ಣಲ್ಲೇ ಎಲ್ಲ ಹೇಳುತ್ತಿದ್ದಳು, ಮುಖ್ಯವಾಗಿ ನನ್ನ ಅಂಗಿ ಕೊಳೆಯಾಗಿದೆ ಎಂಬುದನ್ನು. ಮಾತಾಡಬಹುದು ಅಂದ ದಿನ ಮೊದಲು ನನ್ನನ್ನು ಕರೆದಳು. "ರೀ" ಅನ್ನಲು ಹೋದದ್ದು "ಯೀ" ಅಂತ ಬಂತು. ಅವಳಿಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ನಾನು "ಏನು?" ಅಂದೆ, ಇಷ್ಟು ವರ್ಷ ಅವಳು ಕರೆದಾಗಲೆಲ್ಲ ಅಂದ ಹಾಗೆಯೇ. ಅವಳು ಕೈ ತೆಗೆದು ಮತ್ತೊಮ್ಮೆ "ಯೀ" ಅಂದಳು, ನೀರು ಕೇಳಿದಳು. ಇವತ್ತಿಗೂ ನನಗೆ ಅದೇ ಹೆಸರು.

ತೆಗೆದದ್ದರ ಪರೀಕ್ಷೆಯ ವರದಿ ಬರುವ ತನಕ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ದೇವರ ಹತ್ತಿರ ಏನೂ ಕೇಳಲಿಲ್ಲ. ಕೇಳಿದರೆ ಚೌಕಾಸಿ ಶುರುವಾಗುತ್ತದೆ ಎಂಬ ಹೆದರಿಕೆ. ಡಾಕ್ಟರಮ್ಮ ಬಂದು, ತೆಗೆದ ಹೋಳಿನ ಅಂಚೆಲ್ಲ ಶುದ್ಧ, ಕುತ್ತಿಗೆಯ ಗಂಟುಗಳಿಗೂ ಹೋಗಿಲ್ಲ ಅಂದರು. ಆಮೇಲೆ ಮೆಲ್ಲಗೆ, "ಕಾಣೂ ಕಲೆ ಮುಗಿದ ಜಾಗದ ಆಚೀ ಕಡೆನೂ ಕಣ ಕೆಡಾಕ ಹತ್ತಿದ್ವು. ನಿಮ್ಮ ಮುಕ್ಕಾಲು ಒಪ್ಪಿದ್ದರ ನನಗ ಧೈರ್ಯ ಇರ್ತಿದ್ದಿಲ್ಲ" ಅಂದರು.

ಮಳೆ ಹಿಡಿಯುವ ಮೊದಲು ಮನೆಗೆ ಬಂದೆವು. ಗಂಜಿ, ಮೊಸರನ್ನ, ಹಿಸುಕಿದ ಬಾಳೆಹಣ್ಣು. ರುಚಿ ಮೆಲ್ಲಗೆ ಮರಳಿತು. ಹುಳಿ ಮೊದಲು ಬಂತು, ಖಾರ ಇಂದಿಗೂ ದೂರ.

ಮುಂದಿನ ಹಂಗಾಮಿಗೆ ಬಸ್ಸಿನಲ್ಲೇ ಸಾವಿತ್ರಕ್ಕನ ಮನೆಗೆ ಹೋದೆವು. ಬೆಲೆ ಆಯಿತು, ಹರಿವಾಣ ಬಂತು. ಗಿರಿಜಾ ಕೈ ಮುಗಿದು ಬೇಡ ಅಂದಳು. ಮುದುಕಿಯ ಮುಖ ಬಿದ್ದುಹೋಯಿತು.

"ಎಂತದೇ? ಬೆಲೆ ಸರಿ ಆಜಿಲ್ಯ?"

ಹುಬ್ಬಳ್ಳಿಯ ಸುದ್ದಿ ಅವಳಿಗೆ ಮುಟ್ಟಿತ್ತು, ಆದರೆ ಗಂಟಲಿನ ಆಪರೇಷನ್ ಅಂತ ಯಾರೋ ಹೇಳಿದ್ದರು. ಗಿರಿಜಾ ಮಾತಾಡದೆ ಬೆಳಕಿಗೆ ತಿರುಗಿ ಬಾಯಿ ತೆರೆದು ತೋರಿಸಿದಳು. ಸಾವಿತ್ರಕ್ಕ ಹತ್ತಿರ ಬಂದು ನೋಡಿದಳು. ನೋಡುತ್ತ ನೋಡುತ್ತ ಅವಳ ಕೈಯಲ್ಲಿದ್ದ ಎಲೆ ಜಾರಿ ಕೆಳಗೆ ಬಿತ್ತು. "ಆನು ಬೆಣ್ಣೆ ಹಚ್ಚು ಹೇಳಿದ್ನಲೇ ತಂಗಿ" ಅಂತ ಗಿರಿಜಾಳ ಗಲ್ಲ ಸವರಿದಳು. ಹಿತ್ತಲಿಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗುಳಿ, ಮುಕ್ಕಳಿಸಿ ಬಂದು, ಕಟ್ಟೆಯ ಮೇಲೆ ಮಗುವಿನ ಹಾಗೆ ಕೂತಳು.

"ಯನ್ನ ಬಾಯಿನೂ ಒಂಚೂರು ನೋಡೇ."

ಗಿರಿಜಾ ನೋಡಿದಳು. ತುಟಿ ಎಳೆದು, ನಾಲಿಗೆ ಎತ್ತಿಸಿ, ಗಲ್ಲದ ಒಳಗಡೆ ಬೆರಳಾಡಿಸಿ. ಮುದುಕಿಗೆ ಮೂರು ಬೆರಳು ಹಿಡಿಯುವಷ್ಟು ಬಾಯಿ ತೆರೆಯುತ್ತಿರಲಿಲ್ಲ, ಗಲ್ಲದ ಒಳಗೆ ಚರ್ಮ ತೊಗಲಿನ ಪಟ್ಟಿಯ ಹಾಗೆ ಬಿಗಿದಿತ್ತು. ಇದೂ ಅಡಿಕೆಯದೇ ಕೆಲಸ, ತಡ ಮಾಡದೆ ತೋರಿಸಬೇಕು ಎಂದು ಹುಬ್ಬಳ್ಳಿಯಲ್ಲಿ ಕಲಿತಿದ್ದೆವು. ಅದೇ ವಾರ ಶಿರಸಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಕವಳ ಬಿಟ್ಟಳು, ತಿರುಗಿ ತಿರುಗಿ ತೋರಿಸಿಕೊಂಡಳು, ಆಮೇಲೂ ಬಹಳ ವರ್ಷ ನನ್ನ ಹತ್ತಿರ ಬೆಲೆ ಏರಿಸುತ್ತ ಬದುಕಿದಳು. ಅವಳ ಮನೆಯಲ್ಲಿ ಆ ವರ್ಷದಿಂದ ಬೆಲೆ ಮುಗಿದರೆ ಬರುವುದು ಬೆಲ್ಲ, ನೀರು. ಬೆಲ್ಲ ಬಾಯಿಗೆ ಹಾಕಿದರೆ ಮಾತು ಮುಗಿಯಿತು. ಅಲ್ಲಿಂದ ಆ ಪದ್ಧತಿ ಸುತ್ತಲ ಕೆಲವು ಮನೆಗಳಿಗೂ ಹೋಯಿತು. ಜೊತೆಗೆ ಗಿರಿಜಾಳಿಗೊಂದು ಹೊಸ ಕೆಲಸ ಅಂಟಿಕೊಂಡಿತು. ಹಿತ್ತಲ ಕಟ್ಟೆಯಲ್ಲಿ ಹೆಂಗಸರು ಸಾಲಾಗಿ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ, ಒಬ್ಬೊಬ್ಬರಾಗಿ ಬಾಯಿ ತೆರೆಯುತ್ತಾರೆ. ಅವಳು ಡಾಕ್ಟರಲ್ಲ, ಯಾವುದು ಏನು ಅಂತ ಹೇಳುವುದಿಲ್ಲ. ಇದನ್ನು ತೋರಿಸಿ, ನಾಳೆಗೆ ತಳ್ಳಬೇಡಿ ಅಂತ ಮಾತ್ರ ಹೇಳುತ್ತಾಳೆ.

ನಿಮಗೂ ನಾನು ಹೇಳುವುದು ಅಷ್ಟೇ. ಬಾಯಲ್ಲಿ ಏನಾದರೂ ಎದ್ದರೆ ಹೆಸರು ಇಡುವ ಗೋಜಿಗೆ ಹೋಗಬೇಡಿ. ಸೊನೆ, ಸುಣ್ಣ, ಉಷ್ಣ, ಹಲ್ಲು ತಾಗಿದ್ದು, ಹೆಸರು ಸಿಕ್ಕಿದ ಕೂಡಲೇ ಮನಸ್ಸು ನಿದ್ದೆ ಹೋಗುತ್ತದೆ. ಮಾಮೂಲಿ ಹುಣ್ಣಾದರೆ ಎರಡು ವಾರದೊಳಗೆ ಮಾಯಬೇಕು, ಅಷ್ಟರಲ್ಲಿ ತಳದ ಕಣಗಳು ಹೊಸ ತೊಗಲು ಹಾಸಿರುತ್ತವೆ. ಮೂರನೆಯ ವಾರಕ್ಕೂ ಉಳಿದರೆ ಡಾಕ್ಟರ ಹತ್ತಿರ ಹೋಗಿ, ನೋವಿಲ್ಲದಿದ್ದರೂ ಹೋಗಿ. ನೋವಿಲ್ಲ ಅಂತ ಸುಮ್ಮನಿದ್ದೇ ಕೆಟ್ಟವರು ಬಹಳ ಮಂದಿ. ಬಿಳಿ ಕಲೆ, ಕೆಂಪು ಕಲೆ, ಗಟ್ಟಿಯಾದ ಅಂಚು, ಕುತ್ತಿಗೆಯಲ್ಲಿ ಗಂಟು, ಬಾಯಿ ತೆರೆಯುವುದು ಕಮ್ಮಿಯಾದದ್ದು, ಯಾವುದನ್ನೂ ಬಿಡಬೇಡಿ. ತಂಬಾಕು ಹಾಕುವುದಿಲ್ಲ, ಬರೀ ಎಲೆ ಅಡಿಕೆ ಎಂದು ನನ್ನ ಹತ್ತಿರ ಹೇಳಬೇಡಿ. ಅಡಿಕೆ ಮಾರಿ, ಬೇಡ ಅನ್ನುವುದಿಲ್ಲ. ತಿನ್ನುವುದನ್ನು ಬಿಡಿ. ಡಾಕ್ಟರು ಇಷ್ಟು ತೆಗೆಯಬೇಕು ಅಂದರೆ ಯಾಕೆ ಅಂತ ಧಾರಾಳವಾಗಿ ಕೇಳಿ, ಎಷ್ಟು ಬಿಡುತ್ತೀರಿ ಅಂತ ಕೇಳಬೇಡಿ.

ತಿಂಗಳಿಗೊಮ್ಮೆ ಬೆಳಗಿನ ಬಿಸಿಲಿಗೆ ಕನ್ನಡಿ ಹಿಡಿದು ನಿಂತು ನಾಲಿಗೆಯ ಎರಡೂ ಅಂಚು, ಅದರ ಅಡಿ, ಗಲ್ಲದ ಒಳಗಡೆ ನೋಡಿಕೊಳ್ಳಿ. ನಾಲಿಗೆಯ ಹಿಂದಿನ ಅಂಚು ನಿಮಗೆ ನೀವೇ ಸರಿಯಾಗಿ ಕಾಣುವುದಿಲ್ಲ. ಮನೆಯವರನ್ನು ಕರೆಯಿರಿ. ಗಂಡನಾದರೆ ಹೆಂಡತಿಯ ಬಾಯಿ ನೋಡಿ, ಹೆಂಡತಿಯಾದರೆ ಗಂಡನದು ನೋಡಿ. ಮೊದಲ ಸಲ ಇಬ್ಬರಿಗೂ ನಗು ಬರುತ್ತದೆ. ನಕ್ಕು ಮುಗಿಸಿ, ಆಮೇಲೆ ಸರಿಯಾಗಿ ನೋಡಿ.